ಕೈಬಿಟ್ಟ ಎರಡು ಭುಗಿಲು

ಸೆಪ್ಟೆಂಬರ್ 8, ಸೋಮವಾರ

ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ. ಇದನ್ನು ಬರೆಯಲು ಕೂತ ಮೇಲೆಯೇ ಎರಡು ಸಲ ಎದ್ದು ಕಿಟಕಿ ಮುಚ್ಚಿ, ಮತ್ತೆ ತೆಗೆದು ಬಂದೆ.

ಅತ್ತೆಯ ವಾಕರ್ ಕಾರಣ ಇರಬೇಕು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅವರು ನಮ್ಮ ಮನೆಗೆ ಬಂದು ಹನ್ನೊಂದು ದಿನವಾಯಿತು. ಇವರು ಸಮುದ್ರದ ತಳಕ್ಕೆ ಕೇಬಲ್ ಇಳಿಸುವ ಹಡಗಿನಲ್ಲಿದ್ದಾರೆ, ನವೆಂಬರಿನವರೆಗೆ ಬರುವ ಹಾಗಿಲ್ಲ. "ಅಮ್ಮನ್ನ ಸ್ವಲ್ಪ ನೋಡ್ಕೋ" ಅಂತ ಫೋನಿನಲ್ಲಿ ಹೇಳಿದರು. ಹೇಳುವವರಿಗೇನು. ಮನೆಯಲ್ಲಿ ಇಡೀ ಹೊತ್ತು ಟಕ್, ಟಕ್, ನಡುವೆ ಒಂದು ನಿಟ್ಟುಸಿರು, ಮತ್ತೆ ಟಕ್. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆಂಟು ವರ್ಷ ಆಪರೇಟರ್ ಆಗಿದ್ದವರು. ಈಗಲೂ ಪಕ್ಕದ ಕೋಣೆಯಲ್ಲಿರುವವಳನ್ನು ಬೇರೆ ಊರಿನಲ್ಲಿರುವವಳ ಹಾಗೆ ಕೂಗುತ್ತಾರೆ.

ಆಫೀಸಿನಲ್ಲಿ ಹೊಸ ವೀಕ್ಷಣೆಯ ತಯಾರಿ. ಒಂದು ತಿಂಗಳು, ಆರು ಸರದಿ. ನಮ್ಮ ಗ್ಯಾಲಕ್ಸಿಯ ನಟ್ಟನಡುವೆ ನಲವತ್ತು ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಇದೆಯಲ್ಲ, ಅದರ ಮಗ್ಗುಲಿನಲ್ಲಿ ಸುತ್ತುವ ಕಾದ ಅನಿಲ ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಇದ್ದಕ್ಕಿದ್ದ ಹಾಗೆ ಭುಗಿಲೇಳುತ್ತದೆ. ಮೊದಲು ಎಕ್ಸ್-ರೇಯಲ್ಲಿ, ಆಮೇಲೆ ರೇಡಿಯೋದಲ್ಲಿ. ಎಕ್ಸ್-ರೇಯನ್ನು ಮೇಲಿರುವ ಉಪಗ್ರಹ ನೋಡುತ್ತದೆ, ರೇಡಿಯೋವನ್ನು ನಮ್ಮ ಬಯಲಿನ ಹದಿನಾಲ್ಕು ಡಿಶ್‌ಗಳು. ಎರಡರ ನಡುವಿನ ಅಂತರ ತಿಳಿದರೆ ಆ ಅನಿಲದ ಉಂಡೆ ಎಷ್ಟು ಬೇಗ ಹಿಗ್ಗುತ್ತದೆ ಎಂದು ಲೆಕ್ಕ ಹಾಕಬಹುದು. ಅಂತರ ಇಪ್ಪತ್ತೊಂದು ನಿಮಿಷ. ಏಳು ವರ್ಷದ ಹಿಂದೆ ಅದನ್ನು ತೋರಿಸಿಕೊಟ್ಟವಳು ನಾನು. ಈಗ ಪಠ್ಯಪುಸ್ತಕದಲ್ಲೂ ಆ ಸಂಖ್ಯೆ ಬಂದಿದೆ.

ನಮ್ಮ ವೀಕ್ಷಣಾಲಯದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತೇವೆ. ಅವರು ಇವತ್ತು, "ನಿಮ್ಮ ಹಳೇ ಡೇಟಾನೂ ಒಂದ್ಸಲ ಹೊಸ ಪ್ರೋಗ್ರಾಮ್‌ನಲ್ಲಿ ಓಡಿಸಿಬಿಡಿ, ಹೋಲಿಸೋಕೆ ಬೇಕಾಗತ್ತೆ" ಅಂದರು. ನಾಳೆ ಮಾಡಬೇಕು.

ಸೆಪ್ಟೆಂಬರ್ 10, ಬುಧವಾರ

ಮೊದಲ ಸರದಿ. ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಕಪ್ಪುಕುಳಿ ಇರುವ ದಿಕ್ಕು ದಿಗಂತದ ಮೇಲೆ ಬಂತು. ಸಂಜೆ ಏಳರವರೆಗೆ ಡಿಶ್‌ಗಳು ಅದನ್ನೇ ಹಿಂಬಾಲಿಸಿದವು. ಏನೂ ಆಗಲಿಲ್ಲ.

ಕಾಯುವುದು ನನ್ನ ಕಸುಬು, ಆದರೆ ಇವತ್ತು ಕೂರಲಾಗಲಿಲ್ಲ. ಕಂಟ್ರೋಲ್ ರೂಮಿನ ಹೊರಗಿನ ಓಣಿಯ ಉದ್ದ ಅರವತ್ತನಾಲ್ಕು ಹೆಜ್ಜೆ. ಲೋಟ ತೊಳೆದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಸೆಕೆಂಡಪ್ಪ ಬಾಗಿಲಲ್ಲಿ ನಿಂತು ನೋಡಿ, "ಅಮ್ಮಾ, ನೆಲ ಸವೆಯತ್ತೆ, ಕೂತ್ಕೊಳ್ಳಿ" ಅಂದರು.

ಸೆಕೆಂಡಪ್ಪ ನಮ್ಮ ಗಡಿಯಾರ ನೋಡಿಕೊಳ್ಳುವವರು, ಅದಕ್ಕೇ ಎಲ್ಲರೂ ಇಟ್ಟ ಹೆಸರು. ಡಿಶ್‌ಗಳ ಹಿಂದಿನ ತಣ್ಣನೆಯ ಗುಡಿಸಲಿನಂಥ ಕೋಣೆಯಲ್ಲಿ ಪರಮಾಣು ಗಡಿಯಾರವಿದೆ. ಎಲ್ಲ ಡಿಶ್‌ಗಳೂ ಅದು ಹೇಳಿದ್ದನ್ನು ಕೇಳಬೇಕು. ಮೂವತ್ತೊಂದು ವರ್ಷದಿಂದ ಅವರು ಅದರ ಜೊತೆಗಿದ್ದಾರೆ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಅವರ ಕೈಯಲ್ಲಿ ಮಾತ್ರ ವಾಚ್ ಇಲ್ಲ. ಕೇಳಿದರೆ, "ಕೈಗೆ ಕಟ್ಟಿದ ಗಡಿಯಾರ ಮನುಷ್ಯರ ಸಹವಾಸದಲ್ಲಿ ಕೆಟ್ಟುಹೋಗತ್ತೆ" ಅನ್ನುತ್ತಾರೆ.

ಹಳೆಯ ಡೇಟಾ ತೆಗೆಯಲು ಹೊತ್ತು ಸಿಗಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಅತ್ತೆಗೆ ನಡಿಗೆ ಹೇಳಿಕೊಡುವ ಫಿಸಿಯೋ ಬಂದಿದ್ದಳು. "ದಿನಾ ಎಷ್ಟು ಸುತ್ತು ಹಾಕ್ತಿದೀರಿ?" ಅಂತ ಕೇಳಿದಳು. "ಇಪ್ಪತ್ತು" ಅಂದರು ಅತ್ತೆ, ಕಣ್ಣು ಮಿಟುಕಿಸದೆ. ಎಂಟು ಹಾಕುವುದನ್ನು ನಾನು ಎಣಿಸಿದ್ದೇನೆ. ಟಕ್ ಟಕ್ ಎಣಿಸದೆ ಬೇರೆ ದಾರಿ ಎಲ್ಲಿದೆ. ಆ ಹುಡುಗಿ ಹಿಗ್ಗಿ, "ಹಾಗಾದ್ರೆ ನಾಳೆಯಿಂದ ಮೆಟ್ಟಿಲು ಶುರು ಮಾಡೋಣ" ಅಂದಳು.

ಅವಳು ಹೋದ ಮೇಲೆ ಅತ್ತೆಗೆ ಸರಿಯಾಗಿ ಹೇಳಿದೆ. "ನೀವು ತಪ್ಪು ಸಂಖ್ಯೆ ಕೊಟ್ಟರೆ ಅವಳು ಅದರ ಮೇಲೇ ಮುಂದಿನದನ್ನ ಕಟ್ತಾಳೆ. ನಾಳೆ ಮೆಟ್ಟಿಲ ಮೇಲೆ ಬಿದ್ದರೆ ಯಾರು ಜವಾಬ್ದಾರಿ?"

ಅತ್ತೆ ವಾಕರ್ ತಿರುಗಿಸಿಕೊಂಡು, "ಟೀಚರ್ ಆಗಬೇಕಿತ್ತು ನೀನು" ಅಂದರು.

ವಯಸ್ಸಾದವರಿಗೆ ಹೇಳಿ ಪ್ರಯೋಜನವಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಬಂತು. ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ ಎಕ್ಸ್-ರೇ ಶಿಖರ. ಉಪಗ್ರಹದ ಕಡೆಯವರು ಫೋನ್ ಮಾಡಿ, ಮಾಮೂಲಿಗಿಂತ ಮೂವತ್ತು ಪಟ್ಟು ಏರಿತ್ತು ಅಂದರು. ಎಲ್ಲರೂ ಪರದೆ ಮುಂದೆ ಸೇರಿದೆವು. ದೊಡ್ಡವರು ಪರಮಾಣು ಗಡಿಯಾರಕ್ಕೇ ಜೋಡಿಸಿದ ಗೋಡೆಯ ಗಡಿಯಾರ ತೋರಿಸಿ, "ನಾಲ್ಕು ಗಂಟೆ ಮೂರು ನಿಮಿಷಕ್ಕೆ ನೋಡಿ ಬೇಕಾದರೆ" ಅಂತ ನನ್ನ ಬೆನ್ನು ತಟ್ಟಿದರು. ಇಪ್ಪತ್ತೊಂದು ನಿಮಿಷ.

ರೇಡಿಯೋ ಗೆರೆ ಅಷ್ಟು ಹೊತ್ತು ಕಾಯಲಿಲ್ಲ. ಮೂರು ಐವತ್ತೈದಕ್ಕೇ ಶಿಖರ ಮುಟ್ಟಿ ಇಳಿಯತೊಡಗಿತು. ಹದಿಮೂರು ನಿಮಿಷ.

ಎಲ್ಲರೂ ಒಟ್ಟಿಗೆ ಮಾತಾಡಿದರು. ದೊಡ್ಡವರು ಎರಡು ಸಲ ಎಣಿಸಿ, "ಎಂಟು ನಿಮಿಷ ಎಲ್ಲಿ ಹೋಯ್ತು?" ಅಂದರು. ಯಾರೋ, "ಹೋದ ತಿಂಗಳು ಗಡಿಯಾರದ ಹೊಸ ಭಾಗ ಹಾಕಿದ್ರಲ್ಲ" ಅಂದರು.

ನಾನು ಏನೂ ಅನ್ನಲಿಲ್ಲ. ತಲೆ ನೋವಿತ್ತು. ಮನೆಗೆ ಬಂದು ಬೀರುವಿನ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಮಡಿಸಿದೆ. ಅತ್ತೆ ಬಾಗಿಲಲ್ಲಿ ವಾಕರ್ ಊರಿ ನಿಂತು ನೋಡಿದರು. ಏನೂ ಕೇಳಲಿಲ್ಲ, ಅದೇ ಪುಣ್ಯ.

ಸೆಪ್ಟೆಂಬರ್ 16, ಮಂಗಳವಾರ

ಸೆಕೆಂಡಪ್ಪ ಬೆಳಿಗ್ಗೆಯಿಂದ ಗಡಿಯಾರದ ಕೋಣೆಯಲ್ಲಿದ್ದರು. ಊಟಕ್ಕೆ ಬರಲಿಲ್ಲ. ನಾನು ಎರಡು ಸಲ ಆ ಬಾಗಿಲ ಮುಂದೆ ಹಾದು ಹೋದೆ. ಕೆಲಸವಿತ್ತು.

ಸೆಪ್ಟೆಂಬರ್ 18, ಗುರುವಾರ

ವಾರದ ಸಭೆ. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುವ ಹುಡುಗಿಯೂ ಫೋನಿನಲ್ಲಿ ಸೇರಿಕೊಂಡಿದ್ದಳು. ತೆಳುವಾದ ದನಿ, ಮಾತಿನ ಕೊನೆಗೆ ಸಣ್ಣಗೆ ಕೆಮ್ಮುತ್ತಾಳೆ. ಅವಳ ಪ್ರಬಂಧ ಪೂರ್ತಿ ನನ್ನ ಇಪ್ಪತ್ತೊಂದರ ಮೇಲೆ ನಿಂತಿದೆ. ಅನಿಲದ ಉಂಡೆ ಹೇಗೆ ಹಿಗ್ಗುತ್ತದೆ ಅಂತ ಮೂರು ವರ್ಷ ಕಂಪ್ಯೂಟರಿನಲ್ಲಿ ಕಟ್ಟಿದ್ದಾಳಂತೆ, ಡಿಸೆಂಬರಿನಲ್ಲಿ ಒಪ್ಪಿಸಬೇಕು.

"ಹದಿಮೂರಾದರೆ ನನ್ನ ಉಂಡೆ ಒಂದೂವರೆ ಪಟ್ಟು ಜೋರಾಗಿ ಹಿಗ್ಗಬೇಕಾಗತ್ತೆ ಮೇಡಂ, ಅಷ್ಟು ಶಕ್ತಿ ಎಲ್ಲಿಂದ ಬರತ್ತೆ ಅಂತ ನಂಗೆ ಗೊತ್ತಾಗ್ತಿಲ್ಲ" ಅಂದಳು.

"ಒಂದು ಭುಗಿಲು ನೋಡಿ ತಲೆ ಕೆಡಿಸ್ಕೋಬೇಡಿ" ಅಂದರು ದೊಡ್ಡವರು. "ಮೊದಲು ನಮ್ಮ ಗಡಿಯಾರ ಸರಿ ಇದೆಯಾ ನೋಡ್ಕೋತೀವಿ."

ಸೆಕೆಂಡಪ್ಪ ಕೊನೆಯ ಕುರ್ಚಿಯಲ್ಲಿದ್ದರು. "ಗಡಿಯಾರ ಸರಿಯಿದೆ ಸರ್" ಅಂದರು. "ನೂರು ಸಲ ನೋಡಿದೀನಿ."

"ನೂರಾ ಒಂದನೇ ಸಲ ನೋಡಿ" ಅಂದರು ದೊಡ್ಡವರು. ಒಂದಿಬ್ಬರು ನಕ್ಕರು. ನಾನು ನಗಲಿಲ್ಲ. ಸಭೆ ಮುಗಿಯುವ ಮೊದಲೇ ಎದ್ದು ಬಂದೆ. ಅತ್ತೆಯ ಮಾತ್ರೆ ತರುವುದಿತ್ತು.

ಸೆಪ್ಟೆಂಬರ್ 19, ಶುಕ್ರವಾರ

ಮಾತ್ರೆ ತರುವುದನ್ನು ನಿನ್ನೆ ಮರೆತಿದ್ದೆ. ಇವತ್ತು ತಂದೆ.

ಸೆಪ್ಟೆಂಬರ್ 21, ಭಾನುವಾರ

ರಜೆ. ಬೆಳಿಗ್ಗೆ ಆರಕ್ಕೇ ಎಚ್ಚರ. ಒಲೆ ತಿಕ್ಕಿದೆ, ಫ್ಯಾನಿನ ರೆಕ್ಕೆ ಒರೆಸಿದೆ. ಸ್ಟೂಲಿನ ಮೇಲೆ ನಿಂತಿದ್ದಾಗ ಅತ್ತೆ ಕೆಳಗಿನಿಂದ, "ಇಳಿ. ಮನೆಗೆ ಒಂದು ಮುರಿದ ಸೊಂಟ ಸಾಕು" ಅಂದರು.

ಊಟಕ್ಕೆ ಕೂತಾಗ ಇವರ ಫೋನ್ ಬಂತು. ಅಲೆಗಳ ಬಗ್ಗೆ ಹೇಳಿದರು, ನಾನು "ಹೌದಾ, ಹೌದಾ, ಹೌದಾ" ಅಂದೆ. ಫೋನ್ ಇಟ್ಟ ಮೇಲೆ ಅತ್ತೆ, "ಮೂರು ಸಲ ಹೌದಾ ಅಂದೆ, ಮೂರೂ ಬೇರೆ ಬೇರೆ ಕಡೆಯಿಂದ ಬಂತು" ಅಂದರು. "ಮೂವತ್ತೆಂಟು ವರ್ಷ ಮುಖ ನೋಡದೆ ದನಿ ಕೇಳಿದೀನಿ. ಏನಾಗಿದೆ ನಿಂಗೆ?"

"ಏನಿಲ್ಲ, ಆಫೀಸಲ್ಲಿ ಕೆಲಸ ಜಾಸ್ತಿ."

"ಹ್ಞೂಂ" ಅಂದರು.

ಮಧ್ಯಾಹ್ನ ಅವರು ಮಲಗಿದಾಗ ಹಳೆಯ ಕಡತ ತೆಗೆದೆ. ದೊಡ್ಡವರು ಹೇಳಿ ಎರಡು ವಾರವಾಯಿತು, ತೆಗೆಯಲೇಬೇಕಿತ್ತು.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ಏಳು ವರ್ಷದ ಹಿಂದೆ ನನ್ನ ಬಳಿ ಇದ್ದದ್ದು ಐದು ಭುಗಿಲು. ಜುಲೈನಲ್ಲಿ ಮೂರು, ಸೆಪ್ಟೆಂಬರಿನಲ್ಲಿ ಎರಡು. ಜುಲೈನ ಮೂರೂ ಇಪ್ಪತ್ತೊಂದರ ಹತ್ತಿರ ಬಂದವು. ಸೆಪ್ಟೆಂಬರಿನವು ಹನ್ನೆರಡು ಮತ್ತು ಹದಿನಾಲ್ಕು. ಆ ಎರಡನ್ನು ಕೈಬಿಟ್ಟೆ. "ರಿಸೀವರ್ ದೋಷದ ಕಾರಣ ಪರಿಗಣಿಸಿಲ್ಲ" ಅಂತ ಅಡಿಟಿಪ್ಪಣಿ ಹಾಕಿದೆ. ರಿಸೀವರಿನಲ್ಲಿ ಸಣ್ಣ ದೋಷ ಇದ್ದದ್ದು ನಿಜ. ಜುಲೈನಲ್ಲೂ ಇತ್ತು.

ಇವತ್ತು ಗೊತ್ತಾದದ್ದು ಇನ್ನೊಂದು. ಭೂಮಿ ಸೂರ್ಯನ ಸುತ್ತ ತಿರುಗುತ್ತಿರುವುದರಿಂದ ಜುಲೈನಲ್ಲಿ ಕಪ್ಪುಕುಳಿಯ ಕಡೆಯಿಂದ ಬರುವ ಬೆಳಕು ಸೂರ್ಯನನ್ನು ಮುಟ್ಟುವುದಕ್ಕಿಂತ ಸುಮಾರು ಎಂಟು ನಿಮಿಷ ಮೊದಲು ನಮ್ಮನ್ನು ಮುಟ್ಟುತ್ತದೆ. ಸೆಪ್ಟೆಂಬರ್ ಕೊನೆಗೆ ಹೆಚ್ಚುಕಡಿಮೆ ಇಬ್ಬರನ್ನೂ ಒಟ್ಟಿಗೆ. ಯಾವ ತಿಂಗಳಲ್ಲಿ ನೋಡಿದರೂ ಹೊತ್ತು ಒಂದೇ ಲೆಕ್ಕಕ್ಕೆ ಬರಲಿ ಅಂತ ಎಲ್ಲವನ್ನೂ ಸೂರ್ಯನಲ್ಲಿ ಕೂತು ನೋಡಿದ ಹಾಗೆ ತಿದ್ದುತ್ತೇವೆ. ಆ ವರ್ಷದಿಂದ ನಮ್ಮ ಡಿಶ್‌ಗಳ ಪ್ರೋಗ್ರಾಮ್ ಈ ತಿದ್ದುಪಡಿಯನ್ನು ತಾನೇ ಮಾಡತೊಡಗಿತ್ತು. ಅದು ಗೊತ್ತಿಲ್ಲದೆ ನಾನು ರೇಡಿಯೋ ಹೊತ್ತಿಗೆ ಇನ್ನೊಮ್ಮೆ ಎಂಟು ನಿಮಿಷ ಸೇರಿಸಿದ್ದೇನೆ. ಜುಲೈನ ಇಪ್ಪತ್ತೊಂದು ನಿಜವಾಗಿ ಹದಿಮೂರು. ಸೆಪ್ಟೆಂಬರಿನಲ್ಲಿ ಸೇರಿಸಲು ಏನೂ ಇರಲಿಲ್ಲ, ಹಾಗಾಗಿ ಕೈಬಿಟ್ಟ ಎರಡೇ ಸರಿಯಾಗಿದ್ದವು.

ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಕಡತದಲ್ಲೇ ಆ ವರ್ಷದ ಸುತ್ತೋಲೆ ಸಿಕ್ಕಿತು. "ಇಂದಿನಿಂದ ಸೂರ್ಯನ ತಿದ್ದುಪಡಿ ತಾನಾಗಿಯೇ ಆಗುತ್ತದೆ, ದಯವಿಟ್ಟು ಎರಡನೇ ಸಲ ಮಾಡಬೇಡಿ." ಕೆಳಗೆ ಸೆಕೆಂಡಪ್ಪನ ಸಹಿ.

ಸೆಪ್ಟೆಂಬರ್ 22, ಸೋಮವಾರ

ಮೂರನೇ ಸರದಿ. ಇನ್ನೊಂದು ಭುಗಿಲು. ಹನ್ನೆರಡು ನಿಮಿಷ.

ದೊಡ್ಡವರ ಮುಖ ಕೆಂಪಗಾಯಿತು. "ಇದು ಗಡಿಯಾರವೇ" ಅಂದರು. ಹೊರಗಿನಿಂದ ಪರಿಣತರನ್ನು ಕರೆಸುತ್ತಾರಂತೆ, ಅಲ್ಲಿಯವರೆಗೆ ಸೆಕೆಂಡಪ್ಪ ಗಡಿಯಾರದ ಕೋಣೆಗೆ ಹೋಗಬಾರದಂತೆ. ಅವರ ಬೀಗದ ಕೈ ಇಸಿದುಕೊಂಡರು. ಅವರು ಅದನ್ನು ಗೊಂಚಲಿನಿಂದ ಬಿಡಿಸಲು ತುಂಬ ಹೊತ್ತು ತೆಗೆದುಕೊಂಡರು. ಬಳೆಯ ಸಂದಿಗೆ ಉಗುರು ಹೋಗಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ಸೆಪ್ಟೆಂಬರ್ 23, ಮಂಗಳವಾರ

ಹೊರಗಿನ ಪರಿಣತರು ಬಂದು ನೋಡಿದರೆ ಗಡಿಯಾರ ಸರಿಯಿದೆ ಅಂತ ಅವರೇ ಹೇಳುತ್ತಾರೆ. ಆಗ ಸೆಕೆಂಡಪ್ಪನ ಮೇಲಿನ ಅನುಮಾನ ತಾನಾಗಿಯೇ ಹೋಗುತ್ತದೆ. ನಾನು ಅವಸರ ಮಾಡಬೇಕಾದ್ದೇನೂ ಇಲ್ಲ.

ಸೆಪ್ಟೆಂಬರ್ 24, ಬುಧವಾರ

ದೊಡ್ಡವರ ಕೋಣೆಗೆ ಹೋದೆ. "ಹಳೇ ಡೇಟಾ ಓಡಿಸಿದೆ ಸರ್" ಅಂದೆ. ಅವರು ತಲೆ ಎತ್ತಿ, "ಇಪ್ಪತ್ತೊಂದೇ ಬಂತು ತಾನೆ?" ಅಂದರು. ಆ ದನಿಯಲ್ಲಿ ಆಸೆ ಇತ್ತು. ಮುಂದಿನ ವರ್ಷದ ದೊಡ್ಡ ವೀಕ್ಷಣೆಗೆ ನನ್ನನ್ನೇ ಮುಂದಾಳು ಮಾಡಿ ಅರ್ಜಿ ಬರೆದಿದ್ದಾರೆ, ಮೊದಲ ಸಾಲಿನಲ್ಲೇ ಆ ಸಂಖ್ಯೆ.

"ಇನ್ನೂ ಸ್ವಲ್ಪ ನೋಡೋದಿದೆ" ಅಂದೆ.

"ನೋಡಿ, ನೋಡಿ. ಅವಸರ ಇಲ್ಲ."

ಓಣಿಯಲ್ಲಿ ಸೆಕೆಂಡಪ್ಪ ಬೆಂಚಿನ ಮೇಲೆ ಕೂತಿದ್ದರು, ಮಾಡಲು ಕೆಲಸವಿಲ್ಲದೆ. ನನಗೆ ಜಾಗ ಬಿಟ್ಟು ಕಾಲು ಒಳಗೆ ಎಳೆದುಕೊಂಡರು. ಮೂವತ್ತೊಂದು ವರ್ಷದಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ನಾನಿಲ್ಲಿಗೆ ಬಂದೇ ಹದಿನೈದು ವರ್ಷ, ಆದರೂ ಹಾಗೆ ಅನ್ನಿಸಿತು.

ಸೆಪ್ಟೆಂಬರ್ 25, ಗುರುವಾರ

ಸಭೆ ನಾಳೆಗೆ ಹೋಯಿತು, ದೊಡ್ಡವರು ಊರಲ್ಲಿರಲಿಲ್ಲ. ಸಂಜೆ ಐದಕ್ಕೇ ಮನೆಗೆ ಬಂದೆ.

ಅತ್ತೆ ಟೇಬಲ್ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನೂ ಕೂತೆ. ಎದ್ದೆ. ನೀರು ಕುಡಿದು ಮತ್ತೆ ಬಂದೆ.

"ಯಾರಾದ್ರೂ ತೀರ್ಕೊಂಡಿದಾರಾ?" ಅಂದರು.

"ಇಲ್ಲ."

"ನನ್ನ ಮಗ ಏನಾದ್ರೂ ಮಾಡಿದಾನಾ?"

"ಅಯ್ಯೋ, ಇಲ್ಲ."

"ಹಾಗಾದ್ರೆ ನೀನೇ ಏನೋ ಮಾಡಿರಬೇಕು. ಬೇರೆಯವರ ತಪ್ಪಿಗೆ ಯಾರೂ ಇಷ್ಟು ಇಳಿದು ಹೋಗಲ್ಲ."

ಹೇಳಿದೆ. ಕಪ್ಪುಕುಳಿಯಿಂದ ಶುರುಮಾಡಿ ಎಲ್ಲ. ಸೂರ್ಯನ ತಿದ್ದುಪಡಿಯನ್ನು ಬಟಾಣಿ ಕಾಳು ಇಟ್ಟು ತೋರಿಸಬೇಕಾಯಿತು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಇಷ್ಟು ವರ್ಷದಲ್ಲಿ ಅವರು ಬಾಯಿ ಹಾಕದೆ ಕೇಳಿದ್ದು ಇದೇ ಮೊದಲು, ಅಥವಾ ನಾನು ಅಷ್ಟು ಉದ್ದ ಅವರ ಜೊತೆ ಮಾತಾಡಿದ್ದು.

"ಬರೀ ಎಂಟು ನಿಮಿಷನಾ?"

"ಬರೀ ಎಂಟು ನಿಮಿಷ."

"ಅಲ್ಲಿಂದ ಇಲ್ಲಿಗೆ ಬರೋಕೆ ಎಷ್ಟು ವರ್ಷ ಅಂದೆ?"

"ಇಪ್ಪತ್ತಾರು ಸಾವಿರ."

"ಆ ಕಪ್ಪುಕುಳಿಗೆ ಎಂಟು ನಿಮಿಷ ಏನೂ ಅಲ್ಲ ಬಿಡು. ಗಡಿಯಾರದವನಿಗೆ?"

ನಾನು ಕಾಳು ಎತ್ತಿ ಬಟ್ಟಲಿಗೆ ಹಾಕಿದೆ.

ಅತ್ತೆ ಇನ್ನೊಂದು ಕಾಯಿ ಬಿಡಿಸಿದರು. "ಆ ಫಿಸಿಯೋ ಹುಡುಗಿಗೆ ನಾನೂ ಹೇಳಿಲ್ಲ. ಮೆಟ್ಟಿಲು ಹತ್ತೋವಾಗ ಪ್ರಾಣ ಹೋಗತ್ತೆ, ಆದ್ರೂ ಹತ್ತುತೀನಿ. ಯಾಕೆ ಗೊತ್ತಾ? ಇಪ್ಪತ್ತು ಅಂದಾಗ ಅವಳ ಮುಖ ಅರಳಿತಲ್ಲ, ಅದನ್ನ ಬಾಡಿಸೋಕೆ ಮನಸ್ಸು ಬರಲಿಲ್ಲ."

ಇಬ್ಬರೂ ನಕ್ಕೆವು. ನಗುವ ವಿಷಯವಲ್ಲ. ಅವರಿಗೆ ಕೆಮ್ಮು ಬಂತು, ಬೆನ್ನು ಸವರಿದೆ.

ಸೆಪ್ಟೆಂಬರ್ 26, ಶುಕ್ರವಾರ

ಸಭೆ ಹನ್ನೊಂದಕ್ಕೆ. ನಾನು ಹತ್ತಕ್ಕೇ ಹೋದೆ. ಮೊದಲು ಸೆಕೆಂಡಪ್ಪನಿಗೆ ಹೇಳಬೇಕು ಅನ್ನಿಸಿತು. ಎಲ್ಲರ ಮುಂದೆ ಹೇಳುವುದು ಸುಲಭ, ಎಲ್ಲರೂ ಅಂದರೆ ಯಾರೂ ಅಲ್ಲ.

ಅವರು ವರ್ಕ್‌ಶಾಪಿನ ಮೂಲೆಯಲ್ಲಿ ಯಾವುದೋ ಹಳೆಯ ಫ್ಯಾನ್ ಬಿಚ್ಚಿ ಹರಡಿಕೊಂಡಿದ್ದರು. ನಿಂತುಕೊಂಡೇ ಹೇಳಿದೆ. ಸುತ್ತೋಲೆಯ ಪ್ರತಿ ಕೈಯಲ್ಲಿತ್ತು, ಕೊಟ್ಟೆ. ಅವರು ತಮ್ಮ ಸಹಿಯನ್ನೇ ತುಂಬ ಹೊತ್ತು ನೋಡಿದರು.

"ಎಷ್ಟು ದಿನದಿಂದ ಗೊತ್ತು?"

"ಭಾನುವಾರದಿಂದ" ಅಂದೆ. ಆಮೇಲೆ, "ಎರಡು ಭುಗಿಲು ಬಿಟ್ಟಿದ್ದು ಏಳು ವರ್ಷದಿಂದ ಗೊತ್ತು" ಅಂದೆ.

"ಸೋಮವಾರ ಬೀಗದ ಕೈ ಕೊಟ್ಟೆ."

"ಹೌದು."

"ನೀವು ಪಕ್ಕದಲ್ಲೇ ಇದ್ರಿ."

"ಹೌದು."

ಅವರು ಸ್ಕ್ರೂ ಒಂದನ್ನು ಎತ್ತಿ ಬಟ್ಟೆಯಲ್ಲಿ ಒರೆಸಿದರು. "ಮನೇಲಿ ಹೇಳಿದೆ, ನನಗೆ ವಯಸ್ಸಾಯ್ತು, ಎಲ್ಲೋ ಕೈತಪ್ಪಿದೆ, ಎಲ್ಲಿ ಅಂತಾನೂ ಕಾಣಿಸ್ತಿಲ್ಲ ಅಂತ. ನನ್ನ ಹೆಂಡತಿ ಅತ್ತಳು. ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ಆದರೆ ಹನ್ನೊಂದು ದಿನ ನಾನು ನನ್ನ ಗಡಿಯಾರವನ್ನ ಅನುಮಾನಿಸಿದೆ. ಅದನ್ನ ಯಾರೂ ವಾಪಸ್ ಕೊಡೋಕಾಗಲ್ಲ."

ಅಷ್ಟೇ. ಮತ್ತೆ ಫ್ಯಾನಿನ ಕೆಲಸ ಹಿಡಿದರು. ನಾನು ಅಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಸಭೆಗೆ ಹೊತ್ತಾಗತ್ತೆ" ಅಂದರು.

ಸಭೆಯಲ್ಲಿ ಬೋರ್ಡಿನ ಮೇಲೆ ಐದೂ ಭುಗಿಲುಗಳನ್ನು ಬರೆದೆ. ಅಕ್ಷರ ಮೇಲೆ ಮೇಲೆ ಹೋಯಿತು. ಹೇಳಿ ಮುಗಿಸಲು ಒಂಬತ್ತು ನಿಮಿಷ ಹಿಡಿಯಿತು. ದೊಡ್ಡವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮರೆತು ಬಿಟ್ಟಿದ್ದಾ, ಗೊತ್ತಿದ್ದು ಬಿಟ್ಟಿದ್ದಾ?" ಅಂದರು.

"ತಿದ್ದುಪಡಿ ಎರಡು ಸಲ ಆಗಿದ್ದು ಗೊತ್ತಿರಲಿಲ್ಲ. ಆ ಎರಡನ್ನ ಗೊತ್ತಿದ್ದೇ ಬಿಟ್ಟೆ."

"ಯಾಕೆ?"

"ಇಪ್ಪತ್ತೊಂದು ಚೆನ್ನಾಗಿತ್ತು ಸರ್."

ದೊಡ್ಡವರು ಜೇಬಿನಿಂದ ಬೀಗದ ಕೈ ತೆಗೆದು, ಎದ್ದು ಹೋಗಿ ಸೆಕೆಂಡಪ್ಪನ ಮುಂದೆ ಇಟ್ಟರು. ಕ್ಷಮೆ ಕೇಳಲಿಲ್ಲ. ಕೇಳುವ ಅಭ್ಯಾಸ ಅವರಿಗಿಲ್ಲ.

ಮನೆಗೆ ಬಂದು ಮಲಗಿದವಳು ಬೆಳಿಗ್ಗೆ ಎಂಟಕ್ಕೆ ಎದ್ದೆ. ಇದನ್ನು ಶನಿವಾರ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 29, ಸೋಮವಾರ

ಲೇಖನ ಹಿಂತೆಗೆದುಕೊಳ್ಳುವ ಪತ್ರ ಕಳಿಸಿದೆ. ಮುಂದಿನ ವರ್ಷದ ಅರ್ಜಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಈ ತಿಂಗಳ ಭುಗಿಲುಗಳ ಲೆಕ್ಕವನ್ನೂ ಬೇರೆಯವರು ಮಾಡುತ್ತಾರೆ. ನನಗೆ ದಾಖಲೆ ಪುಸ್ತಕದ ಕೆಲಸ: ಸರದಿಯ ದಿನ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಅಂತ ಬರೆಯುವುದು. ಹದಿನೈದು ವರ್ಷದ ಹಿಂದೆ ಸೇರಿದಾಗ ಮಾಡುತ್ತಿದ್ದ ಕೆಲಸ. ಕೆಲವರು ಓಣಿಯಲ್ಲಿ ನನ್ನನ್ನು ಕಂಡರೆ ಫೋನ್ ತೆಗೆದು ನೋಡುತ್ತಾರೆ. ಸೆಕೆಂಡಪ್ಪ ಹಾಗೆ ಮಾಡುವುದಿಲ್ಲ, ನೇರ ನೋಡುತ್ತಾರೆ, ಮಾತಾಡುವುದಿಲ್ಲ.

ಫಿಸಿಯೋ ಬಂದಾಗ ಅತ್ತೆ, "ಅವತ್ತು ಇಪ್ಪತ್ತು ಅಂದಿದ್ದು ಸುಳ್ಳು, ಎಂಟು" ಅಂದುಬಿಟ್ಟರು. ಆ ಹುಡುಗಿ, "ನಂಗೆ ಗೊತ್ತಿತ್ತು ಅಜ್ಜಿ, ಎಲ್ಲರೂ ಇಪ್ಪತ್ತು ಅಂತಾನೇ ಹೇಳ್ತಾರೆ" ಅಂದಳು. ಮೆಟ್ಟಿಲು ನಿಲ್ಲಿಸಿದ್ದಾಳೆ. ಈಗ ಸಂಜೆ ನಾನೂ ಅತ್ತೆಯೂ ರಸ್ತೆಯ ಕೊನೆಯ ಅಂಚೆ ಡಬ್ಬಿಯವರೆಗೆ ಹೋಗಿ ಬರುತ್ತೇವೆ. ಅತ್ತೆ ದಾರಿಯುದ್ದಕ್ಕೂ ಎಕ್ಸ್‌ಚೇಂಜಿನ ಕಥೆ ಹೇಳುತ್ತಾರೆ. ಇವತ್ತಿನದು ಮದುವೆ ನಿಶ್ಚಯದ ಮಾತುಕತೆಯ ನಡುವೆ ತಂತಿ ಬದಲಾಗಿ ಹುಡುಗನ ಅಪ್ಪ ಸಿಮೆಂಟ್ ವ್ಯಾಪಾರಿಯ ಜೊತೆ ಮಾತು ಮುಗಿಸಿದ ಕಥೆ. ನಾಳೆ ಉಳಿದ ಭಾಗ.

ಅಕ್ಟೋಬರ್ 2, ಗುರುವಾರ

ಪಿಎಚ್‌.ಡಿ. ಹುಡುಗಿಗೆ ಫೋನ್ ಮಾಡಿದೆ. ಪತ್ರ ಬರೆದರೆ ಸಾಕಿತ್ತು, ಆದರೂ ಮಾಡಿದೆ. ಅವಳಿಗೆ ಸುದ್ದಿ ಮುಟ್ಟಿತ್ತು.

"ಮೂರು ವರ್ಷ ಮೇಡಂ" ಅಂದಳು. ನಾನು ಫೋನ್ ಹಿಡಿದೇ ಇದ್ದೆ. ಅತ್ತಳೋ ಏನೋ, ಗೊತ್ತಾಗಲಿಲ್ಲ. ಅತ್ತೆಯಾಗಿದ್ದರೆ ಹೇಳುತ್ತಿದ್ದರು.

"ನನ್ನಿಂದ ಆಗಿದ್ದು" ಅಂದೆ. "ನಿಮ್ಮ ವಿಶ್ವವಿದ್ಯಾಲಯಕ್ಕೆ ಹಾಗಂತ ಬರೆದು ಕೊಡ್ತೀನಿ. ಸಮಯ ಜಾಸ್ತಿ ಕೊಡಿ ಅಂತ ಕೇಳ್ತೀನಿ."

"ಕೊಡಿ" ಅಂದಳು, ಗಡುಸಾಗಿ. ಕೆಮ್ಮಿದಳು. "ಆ ಎರಡು ಭುಗಿಲು, ನೀವು ಬಿಟ್ಟಿದ್ದು, ಅದರ ಪೂರ್ತಿ ಡೇಟಾ ಇದೆಯಾ?"

"ಇದೆ."

"ಕಳಿಸಿ. ಐದೂ ಒಟ್ಟಿಗೆ ಹಾಕಿ ನೋಡ್ತೀನಿ. ಉಂಡೆ ಇಡೀ ಹಿಗ್ಗಲ್ವೇನೋ, ಒಂದು ಕಡೆಗೆ ಚಿಮ್ಮತ್ತೇನೋ. ಹಾಗಿದ್ರೆ ಆ ಶಕ್ತಿ ಸಾಕಾಗತ್ತೆ." ಹೇಳುತ್ತ ಹೇಳುತ್ತ ಅವಳ ದನಿ ಬೇರೆಯಾಯಿತು. ನನ್ನನ್ನು ಮರೆತಿದ್ದಳು. ಫೋನ್ ಇಡುವಾಗ ನಮಸ್ಕಾರ ಹೇಳಲಿಲ್ಲ.

ಮಧ್ಯಾಹ್ನವೇ ಕಳಿಸಿದೆ.

ಅಕ್ಟೋಬರ್ 7, ಮಂಗಳವಾರ

ಕೊನೆಯ ಸರದಿ. ಕಪ್ಪುಕುಳಿ ಈಗ ಹನ್ನೊಂದಕ್ಕೇ ಹುಟ್ಟುತ್ತದೆ. ಬೆಳಿಗ್ಗೆ ಅತ್ತೆಯ ತಲೆಗೆ ಎಣ್ಣೆ ಹಾಕಿ ಹೊರಟೆ, ಹತ್ತೂವರೆಗೆ ನನ್ನ ಮೂಲೆಯ ಮೇಜಿನಲ್ಲಿ ಕೂತೆ.

ಎರಡು ಗಂಟೆ ಹದಿನೆಂಟು ನಿಮಿಷಕ್ಕೆ ಉಪಗ್ರಹದವರ ಫೋನ್. ಈ ತಿಂಗಳ ಎಲ್ಲಕ್ಕಿಂತ ದೊಡ್ಡ ಎಕ್ಸ್-ರೇ ಭುಗಿಲು, ನೂರು ಪಟ್ಟು. ಕಂಟ್ರೋಲ್ ರೂಮ್ ತುಂಬಿಹೋಯಿತು. ದೊಡ್ಡವರು ಕುರ್ಚಿಯ ತುದಿಯಲ್ಲಿ ಕೂತರು. ಈಗ ಎಲ್ಲರೂ ಹದಿಮೂರಕ್ಕೆ ಕಾಯುತ್ತಿದ್ದರು.

ಸೆಕೆಂಡಪ್ಪ ಒಳಗೆ ಬಂದು ನನ್ನ ಮೇಜಿನ ಪಕ್ಕ ನಿಂತರು. ಜಾಗ ಇದ್ದದ್ದು ಅಲ್ಲಿ ಮಾತ್ರ. ಅವರ ಕೈಯಲ್ಲಿ ಗಡಿಯಾರದ ಕೋಣೆಯಿಂದ ತಂದ ಸಣ್ಣ ಪರದೆ ಇತ್ತು.

ಹದಿಮೂರು ನಿಮಿಷವಾಯಿತು. ರೇಡಿಯೋ ಗೆರೆ ಅಲುಗಲಿಲ್ಲ. ಇಪ್ಪತ್ತೊಂದಾಯಿತು. ಯಾರೋ ನನ್ನ ಕಡೆ ತಿರುಗಿ ನೋಡಿದರು. ಅರ್ಧ ಗಂಟೆ. ಒಂದು ಗಂಟೆ. ಕೆಲವರು ಎದ್ದು ಹೋದರು. ದೊಡ್ಡವರು ಓಣಿಯಲ್ಲಿ ಓಡಾಡತೊಡಗಿದರು, ಅವರ ಬೂಟಿನ ಸದ್ದು ಹೋಗುವುದು ಬರುವುದು ಕೇಳುತ್ತಿತ್ತು. ನಾಲ್ಕಕ್ಕೆ ಬಿಸಿಲು ಕಿಟಕಿಯ ಎರಡನೇ ಸರಳಿಗೆ ಬಂತು, ಐದಕ್ಕೆ ಎದುರಿನ ಗೋಡೆ ಹತ್ತಿತು. ಹೊರಗೆ ಹದಿನಾಲ್ಕು ಡಿಶ್‌ಗಳು ಒಟ್ಟಿಗೆ ಕೂದಲೆಳೆಯಷ್ಟು ತಿರುಗಿ ನಿಲ್ಲುವುದು, ಮತ್ತೆ ಕೂದಲೆಳೆಯಷ್ಟು ತಿರುಗುವುದು. ಇದನ್ನು ಇಷ್ಟು ಹೊತ್ತು ನೋಡಿದ್ದು ನೆನಪಿಲ್ಲ. ಗೆರೆ ಅಲ್ಲೇ ಇತ್ತು, ಚಪ್ಪಟೆಯಾಗಿ.

ಆರೂ ಕಾಲಿಗೆ ಉಪಗ್ರಹ ತನ್ನ ಸರದಿ ಮುಗಿಸಿತು. ದೊಡ್ಡವರು ಬಾಗಿಲಲ್ಲಿ ನಿಂತು, "ಏನೂ ಬರಲಿಲ್ಲ" ಅಂದರು, ಯಾರಿಗೂ ಅಲ್ಲದೆ. "ಇಷ್ಟು ದೊಡ್ಡದು, ಏನೂ ಬರಲಿಲ್ಲ." ಟೋಪಿ ಹಾಕಿಕೊಂಡು ಹೊರಟುಹೋದರು.

ರೂಮಿನಲ್ಲಿ ನಾವಿಬ್ಬರೇ ಉಳಿದೆವು. ನಾನು ದಾಖಲೆ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಸೆಕೆಂಡಪ್ಪ ಇನ್ನೂ ಹೋಗಿರಲಿಲ್ಲ.

"ಬರ್ಕೊಳ್ಳಿ" ಅಂದರು. ಹದಿನಾಲ್ಕು ದಿನದ ಮೇಲೆ ನನ್ನ ಜೊತೆ ಆಡಿದ ಮಾತು. ಇಲ್ಲ, ಹನ್ನೊಂದು ದಿನ. ಪರದೆ ನೋಡಿಕೊಂಡು ಹೊತ್ತು ಹೇಳಿದರು, ಗಂಟೆ, ನಿಮಿಷ, ಸೆಕೆಂಡು, ಸೆಕೆಂಡಿನ ಆಚೆಗೂ ಆರು ಅಂಕಿ. ಹೇಳಿದ ಹಾಗೆ ಬರೆದೆ. ಎಕ್ಸ್-ರೇ ಭುಗಿಲು ಶುರುವಾದದ್ದು, ಶಿಖರ ಮುಟ್ಟಿದ್ದು, ಇಳಿದದ್ದು. ರೇಡಿಯೋ ಅನ್ನುವ ಅಂಕಣದಲ್ಲಿ, ಬರಲಿಲ್ಲ, ಅಂತ ಬರೆದೆ. ನಾಲ್ಕು ಗಂಟೆ ಕಾಯಲಾಯಿತು, ಡಿಶ್‌ಗಳು ಹದಿನಾಲ್ಕೂ ಸರಿಯಿದ್ದವು, ರಿಸೀವರ್ ಸರಿಯಿತ್ತು, ಗಡಿಯಾರ ಸರಿಯಿತ್ತು.

ಅವರು ಬಗ್ಗಿ ಓದಿದರು. ತಮ್ಮ ಜೇಬಿನಿಂದ ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು.

"ಹೊತ್ತಾಯ್ತು, ಬಸ್ಸು ಸಿಗಲ್ಲ" ಅಂದರು.

ಸಿಕ್ಕಿತು. ಮನೆಗೆ ಬಂದಾಗ ಅತ್ತೆ ಗೇಟಿನ ಹತ್ತಿರ ನಿಂತಿದ್ದರು. ಏನಾಯ್ತು ಅಂದರು. ಏನೂ ಆಗಲಿಲ್ಲ ಅಂದೆ. ದನಿ ಕೇಳಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು, ಆಮೇಲೆ ಕೈ ಚಾಚಿದರು. ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ.